ಹಿನ್ನೋಡವ್ವನ ತಿರುವು

ಕಾಲುವೆಯ ಏರಿಯ ಮೇಲಿನ ಆ ಕೆಂಪು ದಾರಿಗೆ ನಮ್ಮ ಕಡೆ ಒಂದು ಮಾತಿದೆ. ಗೊರಸು... ಅಲ್ಲ, ಗೊರಸು ದನದ ಕಾಲಿನದು. ಗರಜು? ಅದೂ ಅಲ್ಲ. ಹುಟ್ಟಿದ ಊರು ಬಿಟ್ಟು ನಾಗಪುರದಂಥ ಜಾಗದಲ್ಲಿ ಬಾಳಿದವರಿಗೆ ಇಂಥ ಮಾತುಗಳು ನಾಲಿಗೆಯ ತುದಿಗೆ ಬಂದು ಅಲ್ಲಿಂದಲೇ ಹಿಂದಕ್ಕೆ ಹೋಗಿಬಿಡುತ್ತವೆ. ಗರಸು. ಹೌದು, ಗರಸು ದಾರಿ. ಅತ್ತ ಮಣ್ಣೂ ಅಲ್ಲದ ಇತ್ತ ಕಲ್ಲೂ ಅಲ್ಲದ, ಮಳೆಗೆ ಕೆಸರಾಗದ, ಬಿಸಿಲಿಗೆ ಬಿರುಕು ಬಿಡದ ಕೆಂಪು ನೊರಜುಗಲ್ಲಿನ ದಾರಿ. ಅಣೆಕಟ್ಟಿನ ಪಕ್ಕದ ಪಾಳುಮಂಟಪದಿಂದ ಅದು ಹೊರಡುತ್ತದೆ. ಒಂದು ಮಗ್ಗುಲಿಗೆ ಕಾಲುವೆ, ಇನ್ನೊಂದು ಮಗ್ಗುಲಿಗೆ ಹೊಂಗೆಯ ಸಾಲು. ಹಳೆಯ ಕೋಟೆಯ ಬಿದ್ದ ಗೋಡೆಯನ್ನು ಬಳಸಿ, ಹುಣಸೆಯ ತೋಪಿನಲ್ಲಿ ನಿಂತ ವೀರಗಲ್ಲುಗಳನ್ನು ದಾಟಿ, ಬಿದಿರು ದಿಂಡಿಗ ಕಮರ ಬೆಳೆದ ಕಾಡಿನೊಳಗೆ ನುಗ್ಗುತ್ತದೆ. ಈಚೆಗೆ ಭಾನುವಾರ ಬಂತೆಂದರೆ ಅಲ್ಲಿ ಸೈಕಲ್ಲುಗಳದೇ ಸದ್ದು. ದಪ್ಪ ಚಕ್ರದ ಸೈಕಲ್ಲು, ತಲೆಗೆ ಗಟ್ಟಿ ಟೋಪಿ, ಮೊಣಕಾಲಿನವರೆಗೆ ಕೆಂಪು ಧೂಳು. ಡಾಂಬರು ಬೇಡ, ಗರಸೇ ಬೇಕು ಎಂದು ಹುಡುಕಿಕೊಂಡು ಮೈಸೂರು, ಮಂಡ್ಯ, ಇನ್ನೂ ಎಲ್ಲೆಲ್ಲಿಂದಲೋ ಬರುವ ಹುಡುಗ ಹುಡುಗಿಯರು. ನನ್ನ ಮೊಮ್ಮಗಳೂ ಅವರಲ್ಲೊಬ್ಬಳು. ಕಾಡಿನ ನಡುವೆ ಕಾಲುವೆ ಒಂದು ದೊಡ್ಡ ಬಂಡೆಯನ್ನು ಸೀಳಿಕೊಂಡು ಇಕ್ಕಟ್ಟಾದ ಕಣಿವೆಯಲ್ಲಿ ಇಳಿಯುತ್ತದೆ. ದಾರಿ ಆ ಬಂಡೆಯ ಅಂಚು ಹಿಡಿದು ಥಟ್ಟನೆ ಹೊರಳುತ್ತದೆ. ಅಲ್ಲಿ ಎಂಥ ಹುರುಪಿನ ಸವಾರನೂ ಬ್ರೇಕು ಹಿಡಿಯಲೇಬೇಕು. ಆ ಹೊರಳಿಗೆ ಸುತ್ತಲಿನ ಊರಿನವರು ಹಿನ್ನೋಡವ್ವನ ತಿರುವು ಎನ್ನುತ್ತಾರೆ.

ಹಿಂದೆ ಒಮ್ಮೆ, ಆ ಸೀಮೆಯನ್ನು ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ, ಕಾಲುವೆಗೆ ವರ್ಷವಿಡೀ ನೀರಿರುತ್ತಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಅಣೆಯ ತೂಬು ಮುಚ್ಚಿದರೆ ಮತ್ತೆ ತೆರೆಯುವುದು ಆಷಾಢದಲ್ಲಿ, ಮೇಲಿನ ಸೀಮೆಯ ಮಳೆಗೆ ಹೊಳೆ ಕೆಂಪಾಗಿ ಏರಿದಾಗ. ನಡುವಿನ ಬೇಸಿಗೆಯಲ್ಲಿ ಕಾಲುವೆಯ ಒಣಗಿದ ಹೊಟ್ಟೆಯೇ ಏಳೂರಿನ ಬೀದಿಯಾಗುತ್ತಿತ್ತು. ಕುರಿಯವರು ಮಂದೆಯನ್ನು ಅದರೊಳಗೇ ಹೊಡೆದುಕೊಂಡು ಹೋಗುತ್ತಿದ್ದರು. ಮಕ್ಕಳು ಮರಳಿನಲ್ಲಿ ಗುಬ್ಬಿಗೂಡು ಕಟ್ಟುತ್ತಿದ್ದರು. ನೆರಳು ಕಂಡಲ್ಲಿ ದಾರಿಹೋಕರು ತಲೆಗೆ ಕೈ ಕೊಟ್ಟು ಮಲಗುತ್ತಿದ್ದರು. ಹೆಂಗಸರು ಮರಳು ತೋಡಿ ಒರತೆ ಮಾಡಿಕೊಂಡು, ಕರಟದಲ್ಲಿ ಮೊಗೆಮೊಗೆದು ಕೊಡ ತುಂಬುತ್ತಿದ್ದರು. ಹಾಗಾಗಿ ತೂಬು ತೆರೆದ ದಿನ ನೀರಿನ ಮುಂದೆ ಒಬ್ಬರು ನಡೆಯಬೇಕಿತ್ತು. ಏರಿಯ ಮೇಲೆ ಕೋಲು ಹಿಡಿದು, ಅಣೆಯಿಂದ ಕಡೆಯ ಊರಿನ ಕೆರೆಯವರೆಗೆ, ನೀರು ಬರುತ್ತಿದೆ ಎಂದು ಕೂಗುತ್ತ ಹೋಗಬೇಕಿತ್ತು. ಅದು ನೀರಗಂಟಿಯ ಮನೆಯವರ ಹಕ್ಕು. ಕಾಲುವೆಯ ನೀರನ್ನು ಸರದಿಯಂತೆ ಊರೂರಿಗೆ ಹಂಚುವವನೇ ನೀರಗಂಟಿ. ನೀರನ್ನು ಕರೆದುಕೊಂಡು ಬರುವವನೂ ಅವನೇ.

ಆ ನಡಿಗೆಗೆ ಕಟ್ಟಳೆಗಳಿದ್ದವು. ಹೊಸನೀರು ಗಂಡನ ಮನೆಗೆ ಹೊರಟ ಮದುವಣಗಿತ್ತಿ ಎಂದು ಅವರ ಎಣಿಕೆ. ಹೆಣ್ಣನ್ನು ಕರೆದುಕೊಂಡು ಹೋಗುವವರು ಮುಂದೆ ನಡೆಯಬೇಕು, ಓಡಬಾರದು, ನಡುವೆ ಕೂರಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಹಿಂದಿರುಗಿ ನೋಡಬಾರದು. ನೋಡಿದರೆ ಅವಳಿಗೆ ನಾಚಿಕೆಯಾಗಿ ಅಲ್ಲೇ ನಿಂತುಬಿಡುತ್ತಾಳೆ, ಇಲ್ಲವೆ ಮುನಿಸಿಕೊಂಡು ಏರಿ ಒಡೆದು ಬೇರೆ ದಾರಿ ಹಿಡಿಯುತ್ತಾಳೆ. ಆಮೇಲೆ ಏಳೂರಿನ ಗದ್ದೆಗಳ ಪಾಡು ದೇವರಿಗೇ ಪ್ರೀತಿ ಎಂದು ಹಿರಿಯರು ಹೇಳುತ್ತಿದ್ದರು. ನೋಡುವ ಅಗತ್ಯವೂ ಇರಲಿಲ್ಲವೆನ್ನಿ. ಬೇಸಿಗೆಯಿಡೀ ಬಾಯಾರಿದ ಕಾಲುವೆಯ ನೆಲ ಬಂದ ನೀರನ್ನು ಕುಡಿಯುತ್ತಲೇ ಇರುತ್ತಿತ್ತು. ಬಿರುಕಿಗಿಷ್ಟು, ಹುಲ್ಲಿಗಿಷ್ಟು, ಹೂಳಿಗಿಷ್ಟು ಕೊಟ್ಟು, ನೀರು ಬಸುರಿಯಂತೆ ನಿಂತು ನಿಂತು ಬರುತ್ತಿತ್ತು. ಕೂಗು ಕೇಳಿದ ಮೇಲೂ ಒಂದು ಕೊಡ ತುಂಬಿಕೊಳ್ಳುವಷ್ಟು ಹೊತ್ತು ಇದ್ದೇ ಇರುತ್ತದೆಂದು ಏಳೂರಿನ ಹೆಂಗಸರಿಗೂ ಗೊತ್ತಿತ್ತು. ಆ ಕಡೆಯ ಕೊಡಕ್ಕೆ ಬೆಲೆಯೂ ಇತ್ತು. ಹೊಸನೀರು ಬಂದ ಮೇಲೆ ತಿಂಗಳುಗಟ್ಟಲೆ ಕೆಂಪು ನೀರೇ ಕುಡಿಯಬೇಕು. ಒರತೆಯ ತಿಳಿನೀರು ಅದೇ ಕಡೆ. ಆ ಕೊಡದ ಮೊದಲ ಚೊಂಬನ್ನು ಕೂಗುತ್ತ ಬಂದವರಿಗೆ ಕೊಡುವುದು ಪದ್ಧತಿ. ಅವರು ನಿಲ್ಲದೆ, ಕೂರದೆ, ನಾಲ್ಕು ಹೆಜ್ಜೆ ನಡೆಯುತ್ತಲೇ ಕುಡಿದು ಚೊಂಬು ಹಿಂದಕ್ಕೆ ಕೊಟ್ಟು ಹೋಗುತ್ತಿದ್ದರು.

ಆ ಕಾಲದಲ್ಲಿ ನೀರಿನ ಮುಂದೆ ನಡೆಯುತ್ತಿದ್ದವಳು ಮಂಚವ್ವ ಎಂಬ ಹೆಂಗಸು. ಅವಳ ಗಂಡ ನೀರಗಂಟಿಯಾಗಿದ್ದವನು, ತೂಬಿನ ಕಿಂಡಿಯಲ್ಲಿದ್ದ ಹಾವು ಕಚ್ಚಿ ತೀರಿಕೊಂಡಿದ್ದ. ಗಂಡುಮಕ್ಕಳಿಲ್ಲದ ಮನೆ, ಕೋಲು ಅವಳ ಕೈಗೆ ಬಂತು. ಹೆಂಗಸು ನೀರು ಹಂಚುವುದುಂಟೇ ಎಂದು ಮೊದಲು ಕೊಂಕಾಡಿದವರೇ ಆಮೇಲೆ, ಮಂಚವ್ವ ಹಂಚಿದರೆ ತಕ್ಕಡಿಯಲ್ಲಿ ತೂಗಿದ ಹಾಗೆ ಎನ್ನತೊಡಗಿದರು. ಅವಳಿಗೆ ಇದ್ದುದು ಒಬ್ಬಳೇ ಮಗಳು, ಬೆಳ್ಳಿ. ಕಾಡಿನ ನಡುವೆ ಬಂಡೆ ಸೀಳಿದ ಆ ಕಣಿವೆಯಿದೆಯಲ್ಲ, ಅದರ ಪಕ್ಕದ ಕಣಿವೆಕೊಪ್ಪಲಿಗೆ ಅವಳನ್ನು ಕೊಟ್ಟಿದ್ದಳು. ಮದುವೆಯಾದ ವರ್ಷವೇ ಬೀಗರಿಗೂ ಅವಳಿಗೂ ನೀರಿನ ಮೇಲೆ ಮಾತು ಬಂತು. ಬೆಳ್ಳಿಯ ಮಾವ ಒಂದು ದಿನ ಬಂದು, ಸರದಿಗೆ ಮುಂಚೆ ತನ್ನ ಗದ್ದೆಗೆ ಒಂದು ರಾತ್ರಿ ನೀರು ತಿರುಗಿಸಿಕೊಡು ಎಂದ. ಸಸಿ ಒಣಗುತ್ತಿತ್ತು, ಅವನ ಸಂಕಟ ಸುಳ್ಳಲ್ಲ. "ನಾನು ನೀರು ಕೇಳ್ತಿಲ್ಲ ಕಣಮ್ಮ, ನಿನ್ನ ಮಗಳ ಅನ್ನ ಕೇಳ್ತಾ ಇವ್ನಿ" ಎಂದನಂತೆ. ಮಂಚವ್ವ, "ಕೆಳಗ್ಲೂರವರ ಮಕ್ಕಳೂ ಅನ್ನನೇ ತಿನ್ನೋದು ಕಣಣ್ಣ" ಎಂದಳಂತೆ. ಆ ಮಾತಿಗೆ ಬೀಗ ಎದ್ದು ಹೋದ. ಅಲ್ಲಿಂದಾಚೆಗೆ ಬೆಳ್ಳಿಯನ್ನು ತವರಿಗೆ ಕಳಿಸಲಿಲ್ಲ. ಗೌರಿಹಬ್ಬಕ್ಕಿಲ್ಲ, ಯುಗಾದಿಗಿಲ್ಲ. ತಾಯಿ ಹೋಗಿ ಕರೆದರೆ ಬಾಗಿಲಿಗೆ ಬಂದು ಮಾತಾಡುವವರೂ ಇರಲಿಲ್ಲ. ತಾಯಿ ಮಗಳ ಮುಖ ಕಾಣುತ್ತಿದ್ದುದು ವರ್ಷಕ್ಕೆ ಒಮ್ಮೆ, ಹೊಸನೀರಿನ ದಿನ, ಕಣಿವೆಯ ತಿರುವಿನಲ್ಲಿ. ಕೂಗುವವಳಿಗೆ ನೀರು ಕೊಡಬೇಡ ಎನ್ನಲು ಯಾವ ಅತ್ತೆಗೂ ಬಾಯಿ ಬರುವುದಿಲ್ಲವಲ್ಲ. ಬೆಳ್ಳಿ ಚೊಂಬು ಹಿಡಿದು ಏರಿಯ ಮೇಲೆ ನಿಂತಿರುತ್ತಿದ್ದಳು. ನಾಲ್ಕು ಹೆಜ್ಜೆಯಲ್ಲಿ ನೀರು ಕುಡಿದು ಮುಗಿಯಬೇಕು, ಮಾತೂ ಮುಗಿಯಬೇಕು. ಹಿಂದಿನ ವರ್ಷ ಮಂಚವ್ವ ದಾರಿಯುದ್ದಕ್ಕೂ ಏನೇನೋ ಕೂಡಿಸಿಕೊಂಡು ಬಂದವಳು, ಮಗಳನ್ನು ಕಂಡೊಡನೆ ಎಲ್ಲ ಮರೆತು, "ಉಂಡ್ಯಾ?" ಎಂದುಬಿಟ್ಟಿದ್ದಳು. "ಅಷ್ಟು ದೂರದಿಂದ ನಡ್ಕೊಂಡು ಬಂದು ಕೇಳೋದು ಇದೇನಾ ಅವ್ವ?" ಎಂದು ಬೆಳ್ಳಿ ನಕ್ಕಿದ್ದಳು. ಆ ನಗುವಿನ ಮೇಲೆಯೇ ಮಂಚವ್ವ ಒಂದು ವರ್ಷ ದೂಡಿದಳು.

ಆ ವರ್ಷದ ಬೇಸಿಗೆಯಲ್ಲಿ ಪಾಳೆಯಗಾರ ಕಾಲುವೆಯ ಕೆಲಸ ಹಿಡಿಸಿದ. ಕಡೆಯ ಊರುಗಳಿಗೆ ನೀರು ಸಾಲುತ್ತಿಲ್ಲ, ಅರ್ಧ ನೀರನ್ನು ಕಾಡಿನ ನೆಲವೇ ಕುಡಿಯುತ್ತಿದೆ ಎಂದು ಮಂಚವ್ವನೇ ಹೋಗಿ ಅವನಲ್ಲಿ ದೂರಿದ್ದಳು. ಎರ್ರಬೋವಿ ಎಂಬ ಮೇಸ್ತ್ರಿ ತನ್ನ ಜನದೊಡನೆ ಬಂದು ಬೀಡುಬಿಟ್ಟ. ಕಾಡಿನ ಗುಡ್ಡ ಅಗೆದು ಕತ್ತೆಗಳ ಮೇಲೆ ಗರಸು ಹೇರಿ ತಂದರು. ಅಣೆಯಿಂದ ಕಣಿವೆಯವರೆಗೆ ಹೂಳೆತ್ತಿ, ಕಾಲುವೆಯ ತಳಕ್ಕೆ ಗರಸೂ ಸುಣ್ಣವೂ ಹಾಸಿ, ನೀರು ಚಿಮುಕಿಸಿ, ದಿಮ್ಮಸಿನಿಂದ ಬಡಿದು ಬಡಿದು ಕಲ್ಲು ಮಾಡಿದರು. ಉಳಿದ ಗರಸನ್ನು ಏರಿಯ ಮೇಲೆ ಹರಡಿದರು. ಆ ದಾರಿ ಕೆಂಪಾದದ್ದು ಆಗಲೇ ಎನ್ನುತ್ತಾರೆ. ಕಣಿವೆಯಿಂದ ಕೆಳಗಿನ ಕೆಲಸ ಮರುವರ್ಷಕ್ಕೆ ಉಳಿಯಿತು. ತೂಬು ತೆರೆಯುವ ದಿನ ಎರ್ರಬೋವಿ ಅಣೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಮಂಚವ್ವ ಸೆರಗಿನ ತುದಿಗೆ ಏನೋ ಗಂಟು ಕಟ್ಟಿಕೊಳ್ಳುತ್ತಿದ್ದುದನ್ನು ಕಂಡು ತಮಾಷೆ ಮಾಡಿದ. "ಏನಕ್ಕ ಅದು, ನೀರಿಗೆ ಮಡಿಲಕ್ಕಿಯಾ? ಈ ಸಲ ನಿನ್ನ ಮದುವೆ ಹೆಣ್ಣು ಸೋಂಬೇರಿ ಅಲ್ಲ. ನಾನು ಹಾಸಿರೋ ನೆಲದ ಮೇಲೆ ಕಾಲು ನಿಲ್ಲಕಿಲ್ಲ ಅವಳಿಗೆ. ಜೋರಾಗಿ ಹೆಜ್ಜೆ ಹಾಕು."

"ಕಜ್ಜಾಯ ಕಣಪ್ಪ, ಮಗಳಿಗೆ. ನಿನ್ನ ದಿಮ್ಮಸು ಬರೋಕೆ ಮುಂಚಿಂದ ಈ ನೀರನ್ನ ಕರ್ಕೊಂಡು ಹೋಗ್ತಾ ಇವ್ನಿ. ಕಾಡು ಬಂತು ಅಂದ್ರೆ ಅವಳಿಗೆ ತೂಕಡಿಕೆ. ನಂಗೊತ್ತಿಲ್ವಾ?" ಎಂದಳು ಮಂಚವ್ವ. ಅಲ್ಲಿದ್ದವರೆಲ್ಲ ನಕ್ಕರು. ಎರ್ರಬೋವಿಯೂ ನಕ್ಕ.

ತೂಬು ತೆರೆಯಿತು. ಮಂಚವ್ವ ಕೋಲೆತ್ತಿ, "ಗಂಗೆ ಬತ್ತಾವ್ಳೆ, ಕಾಲುವೆ ಬುಡ್ರವ್ವೋ!" ಎಂದು ಕೂಗಿ ಹೊರಟಳು. ಕೋಟೆಯ ಬಳಿ ಕುರಿಯವರು ಮಂದೆಯನ್ನು ದಡ ಹತ್ತಿಸಿಕೊಂಡರು. ಹುಣಸೆತೋಪಿನ ಹತ್ತಿರ ಮಲಗಿದ್ದವನೊಬ್ಬ ಗೊಣಗುತ್ತ ಎದ್ದು ಕಂಬಳಿ ಸುತ್ತಿಕೊಂಡ. ಎಲ್ಲ ಎಂದಿನಂತೆಯೇ ಇತ್ತು. ಹೊಸ ಗರಸಿನ ಮೇಲೆ ಅವಳ ಕಾಲೂ ಚುರುಕಾಗಿಯೇ ಹೋಗುತ್ತಿತ್ತು. ಮನಸ್ಸಂತೂ ಆಗಲೇ ಕಣಿವೆಯಲ್ಲಿತ್ತು. ಈ ಸಲ ಊಟದ ಮಾತು ಬೇಡ. ಯಾವಾಗ ಬರುತ್ತೀಯ ಎಂದು ಕೇಳಬೇಕು. ಅವಳು ಬರುತ್ತೇನೆ ಎಂದರೂ ಸರಿ, ಕಳಿಸುವುದಿಲ್ಲ ಎಂದರೂ ಸರಿ, ಕೇಳಿದೆನೆಂಬುದಾದರೂ ಅವಳಿಗೆ ಉಳಿಯಲಿ. ಹೀಗೆ ಅಂದುಕೊಳ್ಳುತ್ತ ಕಾಡು ಹೊಕ್ಕಳು.

ಕಾಡಿನ ಅರ್ಧದಲ್ಲಿ ಅವಳ ತಲೆಯ ಮೇಲೆ ಬೆಳ್ಳಕ್ಕಿಗಳ ನೆರಳು ಹಾದವು. ಮಂಚವ್ವ ತಲೆಯೆತ್ತಿ ನೋಡಿದಳು. ಬೆಳ್ಳಕ್ಕಿಗಳು ಹೊಸನೀರಿನ ತಲೆಯ ಜೊತೆಗೇ ಬರುವ ಹಕ್ಕಿಗಳು. ನೀರಿಗೆ ಹೆದರಿ ಹೊರಬೀಳುವ ಹುಳುಹುಪ್ಪಟೆಯನ್ನು ಹೆಕ್ಕುತ್ತ ನೀರಿನ ಮುಂಗಾಲಿನಲ್ಲೇ ಇರುತ್ತವೆ. ಇಷ್ಟು ವರ್ಷದಲ್ಲಿ ಅವಳು ಅವನ್ನು ಕಂಡದ್ದು ಕಡೆಯ ಕೆರೆಯ ದಂಡೆಯಲ್ಲಿ ಕುಳಿತು ಕಾಲು ನೀವಿಕೊಳ್ಳುವಾಗ ಮಾತ್ರ. ಈಗ ಅವು ಅವಳನ್ನು ದಾಟಿ ಮುಂದೆ ಇಳಿಯುತ್ತಿವೆ. ಕಿವಿಗೊಟ್ಟಳು. ಒಣಬಿದಿರಿನ ಎಲೆ ಉಜ್ಜಿದಂಥ ಸದ್ದು ಬೆನ್ನ ಹಿಂದೆ ಇತ್ತು, ಗಾಳಿಯೂ ಇರಬಹುದು. ಒಮ್ಮೆ ಕತ್ತು ಹೊರಳಿಸಿದ್ದರೆ ತಿಳಿದುಹೋಗುತ್ತಿತ್ತು. ಸೆರಗು ಎತ್ತಿ ಕಟ್ಟಿ ಓಡಿದ್ದರೆ ಕಣಿವೆಯೇನು ದೂರವಿರಲಿಲ್ಲ. ಆದರೆ ಏಳೂರಿನ ಗದ್ದೆಗಳು ಅವಳ ಕತ್ತಿನ ಮೇಲೆ ಕೂತಿದ್ದವು. ಸರದಿ ಮುರಿಯಲಾರೆನೆಂದು ಮಗಳನ್ನೇ ಬಿಟ್ಟುಕೊಟ್ಟವಳು, ಇನ್ನು ಈ ಕಟ್ಟಳೆ ಮುರಿಯುವುದೆಲ್ಲಿ ಬಂತು? ಅವಳು ಓಡಲಿಲ್ಲ, ನೋಡಲೂ ಇಲ್ಲ. ಹೆಜ್ಜೆ ಬಿರುಸಾಯಿತು, ಕೂಗು ಮಾತ್ರ ಎಂದಿನ ರಾಗದಲ್ಲೇ ಹೊರಟಿತು. ಆ ರಾಗವನ್ನು ಕೇಳಿಯೇ ಕಣಿವೆಯೊಳಗಿನ ಹೆಂಗಸರು ಎಂದಿನಂತೆ ಇನ್ನೊಂದು ಕೊಡಕ್ಕೆ ಕೈ ಹಾಕಿದರು.

ತಿರುವಿಗೆ ಬಂದು ಮಂಚವ್ವ ಕೆಳಗೆ ನೋಡಿದಳು. ಎರಡು ಕಡೆಯೂ ಕಡಿದಾದ ಬಂಡೆ, ನಡುವೆ ಮರಳು, ಹತ್ತಲು ಒಂದೇ ಸಾಲು ಮೆಟ್ಟಿಲು. ಉಳಿದವರು ಕೊಡ ಹೊತ್ತು ಮೆಟ್ಟಿಲು ಹತ್ತುತ್ತಿದ್ದರು. ಬೆಳ್ಳಿ ಮಾತ್ರ ಒರತೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಕರಟದಲ್ಲಿ ಮೊಗೆಯುತ್ತಿದ್ದಳು. ಮೇಲಿನ ನೀರು ಕಲಕಿತ್ತೆಂದು ಚೆಲ್ಲಿ, ತಿಳಿ ಬರಲೆಂದು ಕಾದಿದ್ದಳಂತೆ. ತಲೆಯೆತ್ತಿ ತಾಯಿಯನ್ನು ಕಂಡಳು. ಅವಳ ಮುಖ ಅರಳಿದ್ದನ್ನು ಮೆಟ್ಟಿಲ ಮೇಲಿದ್ದವರೆಲ್ಲ ನೋಡಿದರು.

"ಬಂದ್ಯಾ ಅವ್ವ! ತಡಿ, ತುಂಬ್ತಾ ಅದೆ."

"ಕೊಡ ಬುಟ್ಟು ಹತ್ತು ಮೇಲೆ!" ಎಂದು ಮಂಚವ್ವ ಕಿರುಚಿದಳು.

"ಇನ್ನೂ ಹೊತ್ತದೆ ಕಣವ್ವ, ನಂಗೊತ್ತಿಲ್ವಾ? ನೀರಗಂಟಿ ಮಗಳು ನಾನು" ಎಂದು ಬೆಳ್ಳಿ ನಗುತ್ತ ಇನ್ನೊಂದು ಕರಟ ಮೊಗೆದಳು.

ಆಗ ಮಂಚವ್ವ ಹಿಂದಿರುಗಿ ನೋಡಿದಳು. ಎದೆಯೆತ್ತರದ ಕೆಂಪು ನೀರು ಮುರಿದ ಬಿದಿರನ್ನೂ ಮುಳ್ಳುಕಂಪೆಯನ್ನೂ ನೂಕಿಕೊಂಡು, ಹೊಸ ಗರಸಿನ ಮೇಲೆ ಎಲ್ಲಿಯೂ ಎಡವದೆ, ಅವಳು ನಿಂತಲ್ಲಿಗೇ ಬಂದು ಮುಟ್ಟಿತ್ತು. ಅವಳು ನೋಡಿದಳೆಂದು ಅದು ನಾಚಿ ನಿಲ್ಲಲಿಲ್ಲ. ಮುನಿದು ಏರಿಯನ್ನೂ ಒಡೆಯಲಿಲ್ಲ. ಅವಳ ಕಣ್ಣೆದುರೇ ಕಣಿವೆಯ ಬಾಯಿಗೆ ನುಗ್ಗಿತು, ಇಕ್ಕಟ್ಟಿನಲ್ಲಿ ಎರಡಾಳೆತ್ತರ ಎದ್ದಿತು, ಬೆಳ್ಳಿಯನ್ನೂ ಅವಳ ಕೊಡವನ್ನೂ ಎತ್ತಿಕೊಂಡು ಆಚೆ ಕಡೆಯಿಂದ ಹೊರಟುಹೋಯಿತು.

ಮೆಟ್ಟಿಲ ಮೇಲಿದ್ದ ಹೆಂಗಸರ ಗೋಳು ಕೇಳಿ ಕೊಪ್ಪಲಿನವರೆಲ್ಲ ಓಡಿಬಂದರು. ಬೆಳ್ಳಿಯ ಮಾವ ಹಗ್ಗ ಹಿಡಿದು ನೀರಿಗೆ ಬಿದ್ದ. ಮಂಚವ್ವನೂ ಸೆರಗು ಬಿಗಿದು ದಡದ ಅಂಚಿಗೆ ಬಂದಿದ್ದಳು. ಅವನು ನೀರಿನೊಳಗಿಂದಲೇ ಕೂಗಿದ: "ಬೇಡ ಕಣಮ್ಮ! ಕೆಳಗ್ಲೂರ ಮಕ್ಕಳು ಕಾಲುವೇಲಿ ಆಡ್ತಾ ಇರ್ತವೆ. ನೀನು ಕೂಗು, ನಾವು ಹುಡುಕ್ತೀವಿ." ಎರಡು ವರ್ಷದ ಮೇಲೆ ಅವನು ಅವಳೊಡನೆ ಆಡಿದ ಮೊದಲ ಮಾತು ಅದು. ಮಂಚವ್ವ ದಡದ ಅಂಚಿನಿಂದ ಹಿಂದೆ ಸರಿದಳು. ಆಮೇಲೆ ಕೋಲು ಎತ್ತಿಕೊಂಡಳು. ಕಣಿವೆಯಿಂದ ಕೆಳಗೆ ಹಳೆಯ ಹೂಳುನೆಲ. ಅಲ್ಲಿ ನೀರು ಮತ್ತೆ ತನ್ನ ಹಳೆಯ ನಡೆಗೆ ಇಳಿದಿತ್ತು, ಬಿರುಕಿಗಿಷ್ಟು ಹುಲ್ಲಿಗಿಷ್ಟು ಕೊಡುತ್ತ ಮೆಲ್ಲಗೆ ಹೋಗುತ್ತಿತ್ತು. ಅವಳು ಓಡಿ ಅದರ ಮುಂದಾದಳು. ಮುಂದಾದವಳು ಅದಕ್ಕೆ ಬೆನ್ನು ಕೊಡಲಿಲ್ಲ. ನೀರಿಗೆ ಮುಖ ಮಾಡಿ, ಹಿಂದುಹಿಂದಕ್ಕೆ ಹೆಜ್ಜೆ ಇಡುತ್ತ ನಡೆದಳು. ಬಾಯಿ, ಕಾಲುವೆ ಬುಡ್ರವ್ವೋ ಎಂದು ಊರವರ ಮಕ್ಕಳನ್ನು ದಡ ಹತ್ತಿಸುತ್ತಿತ್ತು. ಕಣ್ಣು, ಬರುವ ಒಂದೊಂದು ಕಡ್ಡಿಯ ಕೆಳಗೂ ತನ್ನ ಮಗಳನ್ನು ಹುಡುಕುತ್ತಿತ್ತು. ಎಡವಿ ಬಿದ್ದಳು, ಎದ್ದಳು. ಹಾಗೆ ಹಿಮ್ಮೊಗವಾಗಿ ಬರುವ ಹೆಂಗಸನ್ನು ಕಂಡು ನಗಲು ಬಾಯಿ ತೆರೆದ ಹುಡುಗರು ಅವಳ ಮುಖ ನೋಡಿ ಬದಿಗೆ ಸರಿದು ದಾರಿ ಬಿಟ್ಟರು. ಕಡೆಯ ಕೆರೆ ಮುಟ್ಟುವಾಗ ಹೊತ್ತು ಇಳಿದಿತ್ತು. ಬೆಳ್ಳಿ ಸಿಕ್ಕಿದ್ದು ಮಾರನೆಯ ಬೆಳಿಗ್ಗೆ, ಕಣಿವೆಯಿಂದ ಸ್ವಲ್ಪ ಕೆಳಗೆ, ಬಿದಿರಿನ ಬೇರುಗಳ ನಡುವೆ. ತಾಯಿ ಹೊತ್ತು ತಂದಿದ್ದ ಕಜ್ಜಾಯ ಸೆರಗಿನಲ್ಲೇ ನುಚ್ಚಾಗಿತ್ತು.

ಆ ವರ್ಷ ಏಳೂರಿಗೂ ಬೆಳೆ ಚೆನ್ನಾಗಿ ಬಂತು. ಕಡೆಯ ಊರಿನ ಕೆರೆ ಎಂದೂ ಇಲ್ಲದಷ್ಟು ತುಂಬಿತು. ಕೂಗುವವಳು ಹಿಂದಿರುಗಿ ನೋಡಿದ್ದಕ್ಕೆ ಏನು ಕೇಡು ಬರುತ್ತದೋ ಎಂದು ಸಂಕ್ರಾಂತಿಯವರೆಗೆ ಕಾದವರಿದ್ದರು, ಏನೂ ಬರಲಿಲ್ಲ. ಮಂಚವ್ವನನ್ನು ಸುಟ್ಟದ್ದು ಅದೇ ಎನ್ನುತ್ತಾರೆ. ಕೇಡಾದರೂ ಬಂದಿದ್ದರೆ, ತಾನು ಕಾಡಿನ ಅರ್ಧದಲ್ಲಿ ತಿರುಗದೆ ನಡೆದದ್ದಕ್ಕೆ ಒಂದು ಅರ್ಥವಿರುತ್ತಿತ್ತು. ಅವಳು ಮುಂದೆಯೂ ವರ್ಷ ವರ್ಷ ನೀರಿನ ಮುಂದೆ ನಡೆದಳು, ಆದರೆ ಹೆಜ್ಜೆಗೊಮ್ಮೆ ತಿರುಗಿ ನೋಡುತ್ತ ನಡೆದಳು. ಅವಳ ತರುವಾಯ ಕೋಲು ಹಿಡಿದವರೂ ಹಾಗೆಯೇ ನಡೆದರು. ನೋಡಬಾರದೆಂಬ ಕಟ್ಟಳೆಯನ್ನು ಯಾರೂ ತೆಗೆದುಹಾಕಲಿಲ್ಲ. ಅದರ ಹೆಸರೆತ್ತುವವರೇ ಇಲ್ಲದಾದರು. ಕಣಿವೆಯ ತಿರುವಿನಲ್ಲಿ ಕೊಪ್ಪಲಿನ ಹೆಣ್ಣುಮಕ್ಕಳು ಚೊಂಬು ಹಿಡಿದು ನಿಂತರೆ ಮಂಚವ್ವ ಕೈ ಸನ್ನೆಯಲ್ಲೇ ಬೇಡವೆಂದು ದಾಟಿಹೋಗುತ್ತಿದ್ದಳು. ಎಷ್ಟೇ ಬಾಯಾರಿದರೂ ಅಲ್ಲಿ ಒಂದು ಗುಟುಕು ಕುಡಿಯಲಿಲ್ಲ. ಎರ್ರಬೋವಿ ಯಾರೂ ಕರೆಯದೆ ಬಂದು, ಕಣಿವೆಗೆ ಸ್ವಲ್ಪ ಮೇಲೆ ತಾನು ಹಾಸಿದ ನೆಲವನ್ನು ತಾನೇ ಹಾರೆಯಿಂದ ಒಡೆದು ತೆಗೆದ. ಅಲ್ಲಿ ಒರಟು ಗುಂಡುಕಲ್ಲುಗಳನ್ನು ಅಡ್ಡಾದಿಡ್ಡಿ ಹೂತು, ನೀರು ಎಡವಿ ಎಡವಿ ಬರುವಂತೆ ಮಾಡಿದ. ಮಂಚವ್ವ ತೀರಿಕೊಂಡ ಮೇಲೆ ತಿರುವಿನ ಕಲ್ಲು ಕಡೆದವನೂ ಅವನೇ. ಆ ಹೊತ್ತಿಗೆ ಅವನಿಗೂ ಮುಪ್ಪು.

ಈಗ ನೀರಿನ ಮುಂದೆ ಯಾರೂ ನಡೆಯುವುದಿಲ್ಲ. ಅಣೆಯ ಬಾಗಿಲನ್ನು ಯಂತ್ರ ಎತ್ತುತ್ತದೆ, ಸೈರನ್ ಕೂಗುತ್ತದೆ. ಆದರೆ ತಿರುವಿನಲ್ಲಿ ಆ ಕಲ್ಲು ಇದೆ, ಹೋದವರು ನೋಡಬಹುದು. ಸೊಂಟದೆತ್ತರದ ಹೆಂಗಸು, ಕೈಯಲ್ಲಿ ಕೋಲು. ಪಾದಗಳು ಕೆಳಗಿನ ಊರಿನ ಕಡೆಗೆ, ಮುಖ ಹೊರಳಿ ಅಣೆಯ ಕಡೆಗೆ. ಮೂಗು ಬಾಯಿ ಮಳೆಗೆ ಸವೆದುಹೋಗಿವೆ. ಕತ್ತಿನ ಆ ಹೊರಳು ಸವೆದಿಲ್ಲ. ಕೆಳಗೆ ಗುಂಡುಗಳಿಗೆ ಬಡಿದು ನೊರೆಯೇಳುವ ನೀರನ್ನು ನೋಡಿ ಸೈಕಲ್ಲಿನ ಮಕ್ಕಳು ಎಷ್ಟು ಚೆಂದ ಎಂದು ಫೋಟೋ ತೆಗೆದುಕೊಳ್ಳುತ್ತಾರೆ. ದಣಿದು ಬಂದವರು ಆ ನೆರಳಿನಲ್ಲಿ ನೀರಿನ ಬಾಟಲಿಯ ಮುಚ್ಚಳ ತೆಗೆದರೆ, ಅಲ್ಲೆಲ್ಲೋ ಮೇಕೆ ಕಾಯುತ್ತಿರುವ ಮುದುಕ ಕೂಗಿ ಹೇಳುತ್ತಾನೆ: "ಇಲ್ಲಿ ಕುಡೀಬೇಡ್ರಪ್ಪ. ಆ ತಾಯಿಗೆ ಸಿಗದೆ ಹೋದ ನೀರು ಅದು. ನಾಲ್ಕು ಮಾರು ಮುಂದಕ್ಕೋಗಿ ಕುಡೀರಿ." ಕೆಲವರು ನಗುತ್ತಾರೆ. ಹೆಚ್ಚಿನವರು ಮುಚ್ಚಳ ತಿರುಗಿಸಿ ಸೈಕಲ್ಲು ತಳ್ಳಿಕೊಂಡು ಮುಂದೆ ಹೋಗುತ್ತಾರೆ.

ಊರಿನವರ ಬಾಯಲ್ಲಿ ತಿರುವಿಗೆ ತಾಯಿಯ ಹೆಸರು ನಿಂತಿತು, ಕಲ್ಲೂ ತಾಯಿಯದೇ. ಮಗಳ ಹೆಸರು ಅಲ್ಲಿ ಎಲ್ಲಿಯೂ ಇಲ್ಲ. ಹೇಳುವವರು ಇರುವವರೆಗೆ ಇರುತ್ತದೆ, ಅಷ್ಟೇ. ನೀನು ಆ ದಾರಿಯಲ್ಲಿ ಸೈಕಲ್ಲು ಹೊಡೆದುಕೊಂಡು ಬಂದವಳು, ಬಾ ಇಲ್ಲಿ, ಪೆನ್ನು ತೆಗೆದುಕೋ. ನನ್ನ ಅಕ್ಷರ ಈಗ ಯಾರೂ ಓದುವ ಹಾಗಿಲ್ಲ. ಈ ಕತೆಯ ಕೆಳಗೆ ಬರಿ ಮಗಾ: ಬೆಳ್ಳಿ.